ಏಳನೇ ಬೋರಿನ ನಾಲ್ಕನೇ ಪೆಟ್ಟಿಗೆ

ಬೆಳಗ್ಗೆಯಿಂದ ಅವನು ಆ ಪೆಟ್ಟಿಗೆಯ ಮುಂದೆ ಆರು ಸಲ ಹಾದುಹೋಗಿದ್ದ. ಆರೂ ಸಲ ಬೇರೇನನ್ನೋ ಹುಡುಕುವವನ ಹಾಗೆ ನಟಿಸಿದ್ದ: ಒಮ್ಮೆ ಸೀಮೆಸುಣ್ಣ, ಒಮ್ಮೆ ಅಳತೆ ಟೇಪು, ಒಮ್ಮೆ ಮೂಗಿನ ಮೇಲೇ ಇದ್ದ ಕನ್ನಡಕ. ನೋಡುವುದಕ್ಕೆ ಷೆಡ್ಡಿನಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾರ ಕಣ್ಣಿಗೆ ಮಣ್ಣೆರಚಲು ಈ ನಾಟಕ ಎಂದು ತನ್ನನ್ನೇ ಗದರಿಕೊಂಡು, ಏಳನೇ ಸಲ ನೆಟ್ಟಗೆ ಹೋಗಿ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಮರದ ಪೆಟ್ಟಿಗೆ, ಒಳಗೆ ಐದು ಸಾಲು, ಒಂದೊಂದು ಸಾಲೂ ಒಂದೊಂದು ಮೀಟರು. ಸಾಲುಗಳಲ್ಲಿ ಲಟ್ಟಣಿಗೆಯಷ್ಟು ದಪ್ಪನೆಯ ಬೂದು ಕಲ್ಲಿನ ತುಂಡುಗಳು, ನೆಲದೊಳಗಿಂದ ಯಾವ ಕ್ರಮದಲ್ಲಿ ಮೇಲೆ ಬಂದವೋ ಅದೇ ಕ್ರಮದಲ್ಲಿ ಮಲಗಿದ್ದವು. ಮಲಗಿರಬೇಕಿತ್ತು. ನಾಲ್ಕನೇ ಸಾಲಿನ ನಡುವಿನ ಆರು ತುಂಡುಗಳು ಮಾತ್ರ ಏಳನೇ ಬೋರಿನವಲ್ಲ. ಐವತ್ತು ಹೆಜ್ಜೆ ಆಚೆಯ ಆರನೇ ಬೋರಿನವು. ಈ ಸಂಗತಿ ಗೊತ್ತಿದ್ದವರು ಪ್ರಪಂಚದಲ್ಲಿ ಇಬ್ಬರೇ. ಒಬ್ಬ ಅವನು. ಇನ್ನೊಬ್ಬ ಹೊರಗೆ ಬಂಡೆಯ ಮೇಲೆ ಕೂತು ಆರಾಮಾಗಿ ಚಹಾ ಕುಡಿಯುತ್ತಿದ್ದ.

ಹತ್ತು ಗಂಟೆಗೆ ಪರಿಶೀಲನೆಯ ಮೇಡಂ ಬರುವವರಿದ್ದರು. ಬಂದು, ಹನ್ನೆರಡು ಬೋರುಗಳ ಕಲ್ಲನ್ನೂ ನೋಡಿ, ಸಹಿ ಹಾಕಿದರೆ ಮುಗಿಯಿತು. ಕಣಿವೆಯ ಹಣೆಬರಹ ತೀರ್ಮಾನವಾದಂತೆ. ಗಣಿಯಲ್ಲಿ ಅದಿರನ್ನು ಅರೆದು ಬೇಕಾದ್ದನ್ನು ತೆಗೆದುಕೊಂಡ ಮೇಲೆ ಉಳಿಯುವ ಬೂದು ಕೆಸರನ್ನು ಇನ್ನು ಇಪ್ಪತ್ತು ವರ್ಷ ಎಲ್ಲಿ ಸುರಿಯುವುದು ಎಂದು ಹುಡುಕಿ ಹುಡುಕಿ ಆ ಕಣಿವೆಯನ್ನು ಆರಿಸಿದ್ದರು. ಬಾಯಿಗೆ ಅಡ್ಡ ಏರಿ ಕಟ್ಟಿದರೆ ಕೆಸರುಕೊಳ ಸಿದ್ಧ. ಆದರೆ ಅದರ ತಳ ಸೋರಬಾರದು, ಸೋರಿದರೆ ಕೆಸರಿನಲ್ಲಿರುವ ವಿಷವೆಲ್ಲ ಕೆಳಗಿನವರ ಬಾವಿಗೆ. ಅದಕ್ಕೇ ಅವನನ್ನು ಕಳಿಸಿದ್ದು. ಮೇಲಿನ ಮಣ್ಣು ಎಷ್ಟು ಆಳ, ಅದರಲ್ಲಿ ಜೇಡಿ ಎಷ್ಟು, ಅದರಡಿಯ ಬಂಡೆ ಇಡಿಯೋ ಬಿರುಕೋ. ನಾಲ್ಕು ತಿಂಗಳು ಗುಂಡಿ ತೋಡಿಸಿದ್ದ, ಒದ್ದೆ ಮಣ್ಣನ್ನು ಅಂಗೈಯಲ್ಲಿ ಹೊಸೆದು ದಾರದಷ್ಟು ತೆಳ್ಳಗೆ ಎಳೆದು ಎಲ್ಲಿ ತುಂಡಾಗುತ್ತದೆಂದು ನೋಡಿದ್ದ, ರುಚಿ ಕೂಡ ನೋಡಿದ್ದ. ಬೋರು ಕೊರೆಯುವಾಗ ಯಂತ್ರದ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಅದು ಅವನೇ ಮಾಡಿದ ನಿಯಮ. ಎರಡು ವರ್ಷದ ಹಿಂದೆ, ಯಂತ್ರ ತಿರುಗುತ್ತಿದ್ದಾಗ ಸಿಗರೇಟು ಸೇದಲು ಮರದ ಹಿಂದೆ ಹೋಗಿದ್ದ ಸಹಾಯಕನೊಬ್ಬನನ್ನು ಎಲ್ಲರ ಎದುರು ನಿಲ್ಲಿಸಿ, "ಕಲ್ಲು ಸುಳ್ಳು ಹೇಳಲ್ಲ ಕಣಯ್ಯಾ, ಹೇಳೋದು ನಮ್ಮಂಥವರು," ಎಂದು ಚಾಟಿ ಬೀಸಿದ್ದ. ಆ ಮಾತು ತನಗೇ ಬಹಳ ಹಿಡಿಸಿ, ಮನೆಗೆ ಹೋಗಿ ಹೆಂಡತಿಗೂ ಹೇಳಿದ್ದ. ಆಹಾ, ಎಂಥ ಮಾತು! ಈಗ ನೆನೆದರೆ ಕಿವಿಯ ತುದಿ ಬಿಸಿಯಾಗುತ್ತದೆ. ಸಹಾಯಕ ಮಾರನೇ ವಾರವೇ ಕೆಲಸ ಬಿಟ್ಟುಹೋದ.

ಹನ್ನೊಂದು ದಿನದ ಹಿಂದಿನ ಮಧ್ಯಾಹ್ನ ಅವನು ಸಿಗರೇಟು ಸೇದಲು ಹೋಗಿರಲಿಲ್ಲ. ಊಟಕ್ಕೆ ಹೋಗಿದ್ದ. ಅಕ್ಕನ ಮನೆ ಕಣಿವೆಯ ಬಾಯಿಯಿಂದ ಕೆಳಗೆ, ಬೋರಿನ ಜಾಗದಿಂದ ಎರಡು ಕಿಲೋಮೀಟರು. ಹನ್ನೊಂದು ಮನೆಗಳ ಸಾಲಿನಲ್ಲಿ ಕೊನೆಯದು, ಸಾಲಿಗೆಲ್ಲ ಒಂದೇ ಬಾವಿ. ಈ ಕಡೆ ಕೆಲಸ ಬಿದ್ದಂದಿನಿಂದ, "ಹೋಟೆಲ್ ಗೀಟೆಲ್ ಅಂದ್ರೆ ಕಾಲು ಮುರೀತೀನಿ," ಎಂದು ಅಕ್ಕ, ಯಂತ್ರ ನಿಲ್ಲಿಸುವ ಊಟದ ಬಿಡುವಿನಲ್ಲಿ, ದಿನಾ ಊಟ ಹಾಕುತ್ತಿದ್ದಳು. ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದಾಗ ಅವನಿಗೆ ಐದು. ತಲೆ ಬಾಚಿದ್ದು, ಶಾಲೆಗೆ ಬಿಟ್ಟದ್ದು, ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ಅಂಗಳದಲ್ಲಿ ತಿರುಗಿದ್ದು ಎಲ್ಲ ಇವಳೇ. ಐವತ್ತರ ಹತ್ತಿರ ಬಂದರೂ ಅವಳ ಎದುರು ತಟ್ಟೆ ಮುಂದೆ ಕೂತರೆ ಅವನಿಗೆ ಹೊಟ್ಟೆ ತುಂಬಿದ್ದು ಗೊತ್ತೇ ಆಗುತ್ತಿರಲಿಲ್ಲ. ಆ ದಿನವೂ ಆಗಲಿಲ್ಲ. ಹತ್ತು ನಿಮಿಷ ಅಡ್ಡಾಗುತ್ತೇನೆ ಎಂದು ಮಂಚದ ಮೇಲೆ ಬಿದ್ದವನು ಎದ್ದಾಗ ಬಿಸಿಲು ಗೋಡೆಯಿಂದ ಇಳಿದು ಬಾಗಿಲ ಹತ್ತಿರ ಬಂದಿತ್ತು. ಬಿಡುವು ಮುಗಿದು ಯಂತ್ರ ಆಗಲೇ ಶುರುವಾಗಿರಬೇಕು. ಎಷ್ಟು ಹೊತ್ತು ಮಲಗಿದ್ದನೆಂದು ಗಡಿಯಾರ ನೋಡುವ ಧೈರ್ಯವೇ ಆಗಲಿಲ್ಲ. ನೋಡದಿದ್ದರೆ ಮಲಗಿಯೇ ಇಲ್ಲ ಎಂಬಂಥ ಹುಚ್ಚು ಲೆಕ್ಕ. ಜೀಪನ್ನು ಹೇಗೆ ಓಡಿಸಿಕೊಂಡು ಹೋದನೋ ಅವನಿಗೇ ಗೊತ್ತಿಲ್ಲ. ದಾರಿಯಲ್ಲಿ ನೀರಿನ ಟ್ಯಾಂಕರಿನವನು ಎದುರು ಸಿಕ್ಕಿ ಕೈ ಅಡ್ಡ ಹಾಕಿ, "ಏನ್ ಸಾರ್ ನಿಮ್ಮ ಬೋರು, ಕುಡೀತಾನೇ ಇದೆ! ಎರಡು ಟ್ಯಾಂಕು ಸುರಿದೆ, ಒಂದು ತೊಟ್ಟು ಮೇಲೆ ಬರ್ತಿಲ್ಲ," ಎಂದ. ಕೊರೆಯುವಾಗ ಒಳಗೆ ಬಿಟ್ಟ ನೀರು ಬೂದುಬಣ್ಣವಾಗಿ ವಾಪಸು ಬರಬೇಕು. ಬರಲಿಲ್ಲವೆಂದರೆ ಅದಕ್ಕೆ ಬೇರೆ ದಾರಿ ಸಿಕ್ಕಿದೆ ಎಂದರ್ಥ.

ಯಂತ್ರದ ಹತ್ತಿರ ಹೋದರೆ ಎಲ್ಲ ಶಾಂತವಾಗಿತ್ತು. ಬೋರು ಕೊರೆಯುವ ಡ್ರಿಲ್ಲರ್, ಕಲ್ಲಿನ ಪೆಟ್ಟಿಗೆಯ ಮುಂದೆ ಕೂತು ಅದರ ಅಂಚು ಒರೆಸುತ್ತಿದ್ದ. ಮೂವತ್ತೈದು ವರ್ಷ ಅದೇ ಕೆಲಸ ಮಾಡಿದವನು. ಯಂತ್ರದ ಸದ್ದು ಕೇಳಿಯೇ ಈಗ ಎಷ್ಟನೇ ಮೀಟರು ಎಂದು ಹೇಳುತ್ತಾನೆಂದು ಎಲ್ಲರ ಬಾಯಲ್ಲಿ ಮೀಟರ್ ಮಾವ. ಮಾವ ತಲೆ ಎತ್ತಿ, "ಬನ್ನಿ ಸಾರ್, ಕೂತ್ಕೊಳ್ಳಿ, ಎಲ್ಲಾ ಸರಿಯಾಗಿದೆ," ಎಂದ. ಸಾಲುಗಳೆಲ್ಲ ಭರ್ತಿ. ಅವನು ಬಗ್ಗಿ ನೋಡಿದ. ಕಲ್ಲಿನ ಮೈಮೇಲಿನ ಪದರಗೆರೆಗಳು ಮೊದಲ ಮೂರೂ ಸಾಲಿನಲ್ಲಿ ಓರೆಯಾಗಿ, ಒಂದೇ ವಾಲಿನಲ್ಲಿ ಬಂದು, ನಾಲ್ಕನೇ ಸಾಲಿನಲ್ಲಿ ಎಂಬತ್ತು ಸೆಂಟಿಮೀಟರು ಇದ್ದಕ್ಕಿದ್ದಂತೆ ಕಡಿದಾಗಿ ನಿಂತು, ಆಮೇಲೆ ಮತ್ತೆ ಮೊದಲಿನಂತೆ ವಾಲಿದ್ದವು. ಆರನೇ ಬೋರನ್ನು ಬೇಕಾದ್ದಕ್ಕಿಂತ ಎರಡು ಮೀಟರು ಹೆಚ್ಚು ಕೊರೆದಿದ್ದರು. ಆ ಹೆಚ್ಚಿನ ಕಲ್ಲು ಯಂತ್ರದ ಪಕ್ಕದಲ್ಲೇ ರಾಶಿ ಬಿದ್ದಿತ್ತು. ರಾಶಿ ಈಗ ಚಿಕ್ಕದಾಗಿತ್ತು. ಅವನು ಮಾವನ ಮುಖ ನೋಡಿದ. ಮಾವ ಯಂತ್ರದ ಕೊರೆಯುವ ರಾಡಿನ ಕಡೆ ನೋಡುತ್ತ, ಯಾರಿಗೋ ಎಂಬಂತೆ, "ಇಲ್ಲಿ ಖಾಲಿ ಕಂಡ್ರೆ ಯಾಕೆ, ಏನು, ಯಾರಿದ್ರು ಅಂತ ನೂರು ಪ್ರಶ್ನೆ ಸಾರ್. ದೊಡ್ಡವರ ಮಾನ ಹೋಗಬಾರದು," ಎಂದ. ಎಂಥ ಮೃದು ದನಿ! ಆ ಕ್ಷಣವೇ ಪೆಟ್ಟಿಗೆ ಬೋರಲು ಹಾಕಿ ಬೈದಿದ್ದರೆ ಆಗುತ್ತಿತ್ತು. ಬದಲಿಗೆ ಅವನು ಪುಸ್ತಕ ತೆಗೆದು, ಪೆನ್ಸಿಲಿನ ಮೊನೆ ನೋಡಿಕೊಂಡು, ಹದಿನೆಂಟರಿಂದ ಹತ್ತೊಂಬತ್ತು ಮೀಟರಿನ ಎದುರು 'ಗಟ್ಟಿ ಬಂಡೆ, ಬಿರುಕು ವಿರಳ' ಎಂದು ಬರೆದ. ನೀರನ್ನು ಒತ್ತಡದಿಂದ ಒಳಗೆ ಬಿಟ್ಟು ನೋಡುವ ಪರೀಕ್ಷೆ ಸಮಸಂಖ್ಯೆಯ ಬೋರುಗಳಿಗೆ ಮಾತ್ರ ಇತ್ತು. ಏಳು ಸಮವಲ್ಲ ಎಂದು ಆಗ ಅವನಿಗಾದ ನೆಮ್ಮದಿ ನೆನಪಾದಾಗೆಲ್ಲ ತನ್ನ ಮುಖಕ್ಕೆ ತಾನೇ ಉಗಿಯಬೇಕೆನ್ನಿಸುತ್ತಿತ್ತು.

ಅಂದಿನಿಂದ ಅಕ್ಕನ ಮನೆಗೆ ಹೋಗಿಲ್ಲ. ಕೆಲಸ ಜಾಸ್ತಿ ಎಂದು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಮೊದಮೊದಲು ಅಕ್ಕನೇ ಭಯಪಟ್ಟಿದ್ದಳು, "ಆ ಗಲೀಜೆಲ್ಲ ನಮ್ಮ ತಲೆ ಮೇಲೆ ತಂದು ಸುರೀತಾರಂತೆ ಹೌದೇನೋ?" ಎಂದು. ಅವನು ನಕ್ಕಿದ್ದ. ಕೆಳಗೆ ಗಟ್ಟಿ ಬಂಡೆ ಇದ್ದರೆ ಮಾತ್ರ ಸುರಿಯುವುದು, ಅದನ್ನು ನೋಡುವುದು ನಾನೇ ಎಂದಿದ್ದ. ಅಕ್ಕ ಅಂದೇ ಸಂಜೆ ಬಾವಿಕಟ್ಟೆಯಲ್ಲಿ ಹನ್ನೊಂದು ಮನೆಗೂ ಸಾರಿದ್ದಳು: ನನ್ನ ತಮ್ಮನೇ ನೋಡ್ತಿರೋದು, ಯಾರೂ ಹೆದರಬೇಡಿ. ಅಲ್ಲಿಂದಾಚೆ ಅವನ ಜೀಪು ಆ ಸಾಲಿಗೆ ಬಂದರೆ ಹೆಂಗಸರು ಮುಗುಳ್ನಗುತ್ತಿದ್ದರು. ಒಬ್ಬಾಕೆ ಕಂಕುಳಲ್ಲಿ ಮಗು ಹಿಡಿದುಕೊಂಡು, "ನೋಡು, ನಮ್ಮ ಬಾವಿ ಕಾಯೋ ಮಾಮ," ಎಂದು ತೋರಿಸಿದ್ದಳು. ಮಗು ನಾಚಿಕೊಂಡು ಮುಖ ಮುಚ್ಚಿಕೊಂಡಿತ್ತು. ಥೂ, ಇದನ್ನೆಲ್ಲ ಈಗ ಯಾಕೆ ನೆನೆಯಬೇಕು? ಅವನು ಎದ್ದು ಪ್ಯಾಂಟಿನ ಮಂಡಿ ಕೊಡವಿಕೊಂಡ. ಎಂಬತ್ತು ಸೆಂಟಿಮೀಟರು, ಅಷ್ಟೇ. ಹನ್ನೆರಡು ಬೋರು, ಮುನ್ನೂರು ಮೀಟರು ಕಲ್ಲು, ಅದರಲ್ಲಿ ಎಂಬತ್ತು ಸೆಂಟಿಮೀಟರು ಯಾವ ಮಹಾ ಎಂದು ಒಂದು ಮನಸ್ಸು ಹೇಳಿತು. ಸೋರುವುದಕ್ಕೆ ಒಂದು ಬೆರಳಗಲ ಸಾಕು ಎಂದು ಅವನು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿಗೆ ಪಾಠ ಮಾಡುತ್ತಿದ್ದುದನ್ನು ಇನ್ನೊಂದು ಮನಸ್ಸು ನೆನಪಿಸಿತು. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು.

ಮೇಡಂ ಕುಳ್ಳಗಿದ್ದರು, ಬೆಳ್ಳಗಿನ ಗಿಡ್ಡ ಕೂದಲು, ಕಾಲಿಗೆ ಸವೆದ ಕ್ಯಾನ್ವಾಸ್ ಬೂಟು, ತಮ್ಮದೇ ಸ್ಪಂಜು, ತಮ್ಮದೇ ನೀರಿನ ಬಾಟಲಿ. ಹಿಂದೆ ಯೋಜನೆಯ ಮುಖ್ಯಸ್ಥ, ಕೈಯಲ್ಲಿ ಎರಡು ಫೋನು. "ಏನ್ರೀ ಇದು, ಮದುವೆ ಗಂಡಿನ ಹಾಗೆ ಬೆವರ್ತಿದ್ದೀರಿ!" ಎಂದು ಅವನ ಬೆನ್ನು ತಟ್ಟಿ ಮುಖ್ಯಸ್ಥ ಜೋರಾಗಿ ನಕ್ಕ. ಅವನೂ ಹಲ್ಲು ಕಿರಿದ. ಮೇಡಂ ನಗಲಿಲ್ಲ, ಕೇಳಿಸಿಕೊಳ್ಳಲೂ ಇಲ್ಲ. ಮೊದಲನೇ ಬೋರಿನ ಮುಂದೆ ಬಗ್ಗಿ ಸ್ಪಂಜಿನಿಂದ ಕಲ್ಲನ್ನು ಒದ್ದೆ ಮಾಡಿ, ಅದರ ಬಣ್ಣ ಎದ್ದು ಬರುವುದನ್ನು ಮಗುವಿನ ಮುಖ ತೊಳೆದು ನೋಡುವವರ ಹಾಗೆ ನೋಡಿದರು. ಏನೋ ಗುನುಗುತ್ತ ಎರಡು, ಮೂರು, ನಾಲ್ಕು. ಅವನು ಅವರ ಹಿಂದೆ ಎರಡು ಹೆಜ್ಜೆ ಅಂತರ ಇಟ್ಟುಕೊಂಡು ನಡೆದ. ಸಿಕ್ಕಿಹಾಕಿಕೊಂಡರೆ ಸಾಕು ಎಂದು ಅವನಿಗೆ ಅನ್ನಿಸುತ್ತಿತ್ತು. ಹನ್ನೊಂದು ದಿನದಿಂದ ಅವನು ಕಾಯುತ್ತಿದ್ದುದೇ ಅದಕ್ಕೆ. ಇವರು ಕಣ್ಣಲ್ಲಿ ಕಣ್ಣಿಟ್ಟು, ಏನಿದು ಎಂದು ಕೇಳುತ್ತಾರೆ, ತಾನು ತಲೆ ತಗ್ಗಿಸುತ್ತೇನೆ, ಮುಗಿಯಿತು. ಹೇಳುವ ಕಷ್ಟ ತಪ್ಪುತ್ತದೆ. ಹಾಗೆಯೇ ಸಿಕ್ಕಿಹಾಕಿಕೊಳ್ಳದಿದ್ದರೂ ಸಾಕು ಎಂದೂ ಅನ್ನಿಸುತ್ತಿತ್ತು.

ಏಳನೇ ಬೋರು. ಒಂದನೇ ಪೆಟ್ಟಿಗೆ, ಎರಡು, ಮೂರು. ನಾಲ್ಕನೆಯದರ ಮುಂದೆ ಮೇಡಂ ಕೂತರು. ಸ್ಪಂಜು ಮೊದಲ ಸಾಲಿನ ಮೇಲೆ ಹರಿಯಿತು. ನಾಲ್ಕನೇ ಸಾಲಿನ ಮೇಲೆ ಒಂದು ಗಳಿಗೆ ನಿಂತಿತು, ಬೆರಳು ಕಡಿದಾದ ಗೆರೆಯ ಮೇಲೆ ಒಮ್ಮೆ ಆಡಿತು. ಗುನುಗು ನಿಂತಿತು. ಆಮೇಲೆ ಗುನುಗು ಮತ್ತೆ ಶುರುವಾಯಿತು. ಮೇಡಂ ಮಂಡಿ ಹಿಡಿದುಕೊಂಡು ಎದ್ದು ಐದನೇ ಪೆಟ್ಟಿಗೆಗೆ ಹೋದರು. ಹನ್ನೆರಡೂ ಮುಗಿದ ಮೇಲೆ ಮೇಜಿನ ಹತ್ತಿರ ಕೂತು ಕಾಗದ ಬಿಡಿಸಿ, "ಕೆಲಸ ಅಂದ್ರೆ ಹೀಗಿರಬೇಕು," ಎಂದರು. "ಏಳನೇದು ನೋಡಿ ನಂಗೆ ತುಂಬಾ ಖುಷಿ ಆಯ್ತು. ಕಣಿವೆ ಮಧ್ಯದಲ್ಲೇ ಇಂಥ ಬಂಡೆ ಇದೆ ಅಂದ್ರೆ ತಳಕ್ಕೆ ಪ್ಲಾಸ್ಟಿಕ್ ಹಾಸು ಬೇಕಾಗಲ್ಲ. ಎರಡು ಅಡಿ ಜೇಡಿ ಬಡಿದ್ರೆ ಸಾಕು." ಮುಖ್ಯಸ್ಥನ ಮುಖ ಅರಳಿ ಊರಗಲವಾಯಿತು. "ನಮ್ಮವರು ಬೋರು ಬಿಟ್ಟು ಅಲ್ಲಾಡಲ್ಲ ಮೇಡಂ, ನಾಯಿ ಕಾದ ಹಾಗೆ ಕಾಯ್ತಾರೆ," ಎಂದ. ಮೇಡಂ ಪೆನ್ನಿನ ಮುಚ್ಚಳ ತೆಗೆದರು.

"ನಾಲ್ಕನೇ ಪೆಟ್ಟಿಗೇಲಿ ಇರೋದು ಏಳನೇ ಬೋರಿನ ಕಲ್ಲಲ್ಲ ಮೇಡಂ," ಎಂದು ಯಾರೋ ಹೇಳಿದರು. ಅದು ತನ್ನದೇ ದನಿ ಎಂದು ಅವನಿಗೆ ತಿಳಿದದ್ದು ಮುಖ್ಯಸ್ಥ ತಿರುಗಿ ನೋಡಿದ ಮೇಲೆ. ಒಮ್ಮೆ ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. ಆರು ತುಂಡು, ಎಂಬತ್ತು ಸೆಂಟಿಮೀಟರು, ಎರಡು ಟ್ಯಾಂಕು ನೀರು, ಎಲ್ಲ ಹೇಳಿದ. "ನಾನಲ್ಲಿ ಇರಲಿಲ್ಲ. ಊಟಕ್ಕೆ ಹೋದವನು ನಿದ್ದೆ ಮಾಡಿಬಿಟ್ಟೆ," ಎಂದ. ಎಲ್ಲಕ್ಕಿಂತ ಕಷ್ಟವಾದದ್ದು ಆ ಮಾತೇ. ಕಳ್ಳತನ ಮಾಡಿದೆ ಎನ್ನುವುದು ಇದಕ್ಕಿಂತ ಸುಲಭವಿತ್ತು. ಅದರಲ್ಲಿ ಗಂಡಸುತನವಾದರೂ ಇದೆ. ತಟ್ಟೆ ತುಂಬ ಉಂಡು ಮಲಗಿಬಿಟ್ಟೆ ಎನ್ನುವುದರಲ್ಲಿ ಏನಿದೆ?

ಮೇಡಂ ಮೀಟರ್ ಮಾವನನ್ನು ಒಳಗೆ ಕರೆಸಿದರು. ಮಾವ ಚಪ್ಪಲಿ ಹೊರಗೆ ಬಿಟ್ಟು ಬಂದ. ಪ್ರಶ್ನೆ ಕೇಳಿಸಿಕೊಂಡು, ಅವನ ಕಡೆ ಒಮ್ಮೆ ನೋಡಿ, "ಸಾರ್ ಅಲ್ಲೇ ಇದ್ರಲ್ಲ ಮೇಡಂ, ನನ್ನ ಪಕ್ಕದಲ್ಲೇ. ಒಂದು ಹೆಜ್ಜೆ ಆಚೀಚೆ ಹೋಗಿಲ್ಲ. ಬಂದ ಕಲ್ಲು ಬಂದ ಹಾಗೇ ಇಟ್ಟಿದ್ದೀನಿ," ಎಂದ. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. "ಮಾವಾ, ಯಾಕೆ ಹೀಗೆ ಹೇಳ್ತೀರಿ? ನೀವೇ ತುಂಬಿದ್ದಲ್ವಾ?" ಎಂದು ಕೂಗಿಬಿಟ್ಟ. ಕೂಗಿದ ಮೇಲೆ ಹೊಳೆಯಿತು: ಕಲ್ಲು ಬೆರೆಸಿದ ಡ್ರಿಲ್ಲರ್ ಕೈಗೆ ಇನ್ನು ಯಾರೂ ಯಂತ್ರ ಕೊಡುವುದಿಲ್ಲ. ತನ್ನ ಎದೆಯ ಭಾರ ಇಳಿಸಿಕೊಳ್ಳುವ ಭರದಲ್ಲಿ ಈ ಮುದುಕನ ಅನ್ನದ ತಟ್ಟೆಗೆ ಕಾಲಿಟ್ಟಿದ್ದಾನೆ. ತುಂಬಿದ್ದು ನಾನೇ ಎಂದುಬಿಡಲೇ? ನಾಲಿಗೆಯ ತುದಿಯವರೆಗೂ ಬಂತು. ಅದು ಇನ್ನೊಂದು ಸುಳ್ಳು, ಜೊತೆಗೆ ತನ್ನ ದೊಡ್ಡತನಕ್ಕೆ ತಾನೇ ಹಾರ ಹಾಕಿಕೊಂಡಂತೆ. "ತುಂಬಿದ್ದು ಅವರು ಮೇಡಂ, ನನ್ನ ಉಳಿಸೋಕೆ. ಗೊತ್ತಿದ್ದೂ ಗಟ್ಟಿ ಬಂಡೆ ಅಂತ ಬರೆದಿದ್ದು ನಾನು," ಎಂದ. ಮಾವ ನೆಲ ನೋಡುತ್ತ, "ಸಾರ್‌ಗೆ ಸುಸ್ತಾಗಿದೆ, ಪಾಪ," ಎಂದ.

"ಅದೇ ನಾನೂ ಹೇಳ್ತಿರೋದು," ಎಂದ ಮುಖ್ಯಸ್ಥ. "ನಾಲ್ಕು ತಿಂಗಳು ಬಿಸಿಲಲ್ಲಿ ದುಡಿದ್ರೆ ಯಾರಿಗೂ ತಲೆ ಕೆಡುತ್ತೆ. ಸಹಿ ಆಗಲಿ, ನೀವು ಒಂದು ವಾರ ರಜೆ ಹಾಕಿ." ಮೇಡಂ ಕೈ ಎತ್ತಿ ಮುಖ್ಯಸ್ಥನನ್ನು ಸುಮ್ಮನಾಗಿಸಿ ಪೆಟ್ಟಿಗೆಯ ಹತ್ತಿರ ಮತ್ತೆ ಹೋಗಿ ಬಂದರು. "ನನಗೂ ಆ ಗೆರೆ ಕಂಡಿತ್ತು," ಎಂದರು ಶಾಂತವಾಗಿ. "ಪದರ ಅಲ್ಲಲ್ಲಿ ಮಡಚಿಕೊಳ್ಳೋದುಂಟು, ಮಡಿಕೆ ಅಂದ್ಕೊಂಡೆ. ಈಗಲೂ ಕಲ್ಲು ನೋಡಿದ್ರೆ ಎರಡೂ ಅನ್ನಬಹುದು. ಮತ್ತೆ ಕೊರೀರಿ ಅನ್ನೋಕೆ ಕಾಗದದಲ್ಲಿ ಒಂದು ಕಾರಣ ಬೇಕು. ನೀವು ಇರಲಿಲ್ಲ ಅಂತೀರಿ, ಇವರು ಇದ್ರು ಅಂತಾರೆ. ನಾನೇನು ಬರೀಲಿ?"

"ನನ್ನ ಅಕ್ಕನ್ನ ಕೇಳಿ," ಎಂದ ಅವನು. ಹೇಳಿದ ಕೂಡಲೇ ಎಷ್ಟೋ ಹಗುರವಾಯಿತು. ಇಡೀ ಜೀವಮಾನದಲ್ಲಿ ಅಕ್ಕ ಅವನ ಕೈ ಬಿಟ್ಟದ್ದಿಲ್ಲ. ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟ. ಮೂರು ರಿಂಗಿಗೆ ಅಕ್ಕ ಎತ್ತಿದಳು, ಎತ್ತಿದವಳೇ, "ಬದುಕಿದ್ದೀಯೇನೋ? ಹನ್ನೊಂದು ದಿನ ಆಯ್ತು ಮುಖ ತೋರಿಸಿ!" ಎಂದಳು. ಮೇಡಂ ತಾವು ಯಾರೆಂದು ಹೇಳಿ, ಕೊನೇ ಸಲ ನಿಮ್ಮ ತಮ್ಮ ಊಟಕ್ಕೆ ಬಂದಾಗ ಎಷ್ಟು ಹೊತ್ತು ಇದ್ದರು, ಮಲಗಿದ್ದರೇ ಎಂದು ಕೇಳಿದರು. ಆ ಕಡೆ ಒಂದು ಪಾತ್ರೆ ಕೆಳಗಿಟ್ಟ ಸದ್ದು. ಆಮೇಲೆ ಅಕ್ಕನ ದನಿ ಬದಲಾಯಿತು. ಹಿಂದೆ ಅವನ ಶಾಲೆಗೆ ಬಂದು ಮೇಷ್ಟರ ಎದುರು ನಿಲ್ಲುತ್ತಿದ್ದಾಗಿನ ದನಿ. "ಮಲಗೋದಾ? ಅಯ್ಯೋ, ಎಲ್ಲಿಯ ಮಾತು ಮೇಡಂ! ಕೈ ತೊಳೆದವನೇ ಜೀಪು ಹತ್ತಿದ. ಮಜ್ಜಿಗೆ ಕುಡಿ ಅಂದ್ರೂ ನಿಲ್ಲಲಿಲ್ಲ. ಕೆಲಸ ಅಂದ್ರೆ ಅವನಿಗೆ ಪ್ರಾಣ. ಯಾರು ಏನು ಚಾಡಿ ಹೇಳಿದಾರೆ ಅವನ ಮೇಲೆ?"

ಮುಖ್ಯಸ್ಥ ಕೈ ಎರಡೂ ಅಗಲಿಸಿ, ನೋಡಿದ್ರಾ ಎಂಬಂತೆ ನಿಂತ. ಮೇಡಂ ಅವನನ್ನೇ ನೋಡುತ್ತಿದ್ದರು. ಅವನಿಗೆ ಅಳು ಬಂತು, ನಗುವೂ ಬಂತು. ಎಲ್ಲರೂ ತನ್ನನ್ನು ಕಾಪಾಡುವವರೇ! ಇಷ್ಟು ಪ್ರೀತಿಯಿಂದ ತನ್ನನ್ನು ಮುಳುಗಿಸಲು ಇವರಿಗೆ ಯಾರು ಹೇಳಿಕೊಟ್ಟರು? ಅವನು ಮೇಜಿನ ಮೇಲೆ ಬಗ್ಗಿ, "ಅಕ್ಕಾ," ಎಂದ. "ನಿಜ ಹೇಳು."

"ನಿಜಾನೇ ಹೇಳ್ತಿದ್ದೀನಲ್ಲ."

"ನಾನು ಮಲಗಿದ್ದಾಗ ಇಲ್ಲಿ ಕಲ್ಲು ಬರಲೇ ಇಲ್ಲ ಅಕ್ಕಾ. ಬಿಟ್ಟ ನೀರೆಲ್ಲ ಕೆಳಗೆ ಹೋಯ್ತು. ಅಲ್ಲಿಂದ ಇಳಿದ್ರೆ ನಿಮ್ಮ ಬಾವಿಗೇ ಅದು ಬರೋದು. ಈಗ ನೀನು ಹೇಳದೇ ಹೋದ್ರೆ ಇವರು ಸಹಿ ಹಾಕ್ತಾರೆ."

ಕರೆ ಕಡಿದುಹೋಯಿತೇನೋ ಎಂದು ಅವನು ಫೋನು ನೋಡಿದ. "ನಿನ್ನ ಕೆಲಸ ಹೋಗುತ್ತೇನೋ?" ಎಂದಳು ಅಕ್ಕ, ಮೆಲ್ಲಗೆ.

"ಗೊತ್ತಿಲ್ಲ."

ಆಮೇಲೆ ಅಕ್ಕ ಅವನ ಜೊತೆ ಮಾತಾಡಲಿಲ್ಲ. ಮೇಡಂ ಜೊತೆ ಆಡಿದಳು. "ಅಮ್ಮಾ, ಮಲಗಿದ್ದ. ಎರಡು ಗಂಟೆ ಮೇಲೇ ಆಯ್ತು. ಹತ್ತು ನಿಮಿಷಕ್ಕೆ ಎಬ್ಬಿಸು ಅಂತ ನನಗೆ ಹೇಳೇ ಮಲಗಿದ್ದ. ಎರಡು ಸಲ ಹತ್ತಿರ ಹೋದೆ. ಬಾಯಿ ತೆರೆದುಕೊಂಡು ಮಲಗಿದ್ದ, ಚಿಕ್ಕವನಿದ್ದಾಗಿನ ಹಾಗೇ. ಎಬ್ಬಿಸೋಕೆ ಮನಸ್ಸು ಬರಲಿಲ್ಲ. ಬರ್ಕೊಳ್ಳೋದಾದ್ರೆ ನನ್ನ ತಪ್ಪು ಅಂತ ಬರ್ಕೊಳ್ಳಿ."

ಮೇಡಂ ಪೆನ್ನು ಕಾಗದದ ಮೇಲಿಟ್ಟರು, ಬರೆಯಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಮೀಟರ್ ಮಾವ ಗಂಟಲು ಸರಿಮಾಡಿಕೊಂಡ. "ಅಲ್ಲಿ ಕೊರೆಯೋದೇ ಬೇಕಾಗಲಿಲ್ಲ ಮೇಡಂ," ಎಂದ, ಯಾರ ಮುಖವನ್ನೂ ನೋಡದೆ. "ರಾಡು ತಾನಾಗೇ ಇಳೀತು. ಖಾಲಿ." ಎಷ್ಟು ಎಂದು ಮೇಡಂ ಕೇಳಿದರು. ಮಾವ ಎರಡು ಕೈಯನ್ನೂ ಮುಂದೆ ಚಾಚಿ, ಅವುಗಳ ನಡುವಿನ ಅಂತರ ತೋರಿಸಿದ. ಮುಖ್ಯಸ್ಥ ಕುರ್ಚಿ ಎಳೆದುಕೊಂಡು ಕೂತ.

"ಏನಂತೋ?" ಎಂದು ಮೇಜಿನ ಮೇಲಿಂದ ಅಕ್ಕ ಕೇಳುತ್ತಿದ್ದಳು. "ಯಾರದು ಮಾತಾಡಿದ್ದು? ಏನಂದ್ರು?"

ಅವನು ಫೋನನ್ನು ಕೈಗೆ ತೆಗೆದುಕೊಂಡು ಕಿವಿಗೆ ಹಿಡಿದ. "ಕೆಳಗೆ ಬಂಡೆ ಇಲ್ಲ ಅಕ್ಕಾ," ಎಂದ.